"ಕಾರ್ಕ್‌ನವರು" ಅಂದರೆ ಯಾವ ಊರಿನವರು? ಐರ್ಲೆಂಡ್ ಬಿಟ್ಟ ಒಬ್ಬ ಮುತ್ತಜ್ಜನ ಹುಡುಕಾಟ

ಧಾರವಾಡ ಪೇಡೆ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಈಗ ಸಿಯಾಟಲ್‌ನಲ್ಲಿದ್ದೇನೆ. ಗಂಡನ ಮನೆಯವರು ಮೊಂಟಾನಾ ರಾಜ್ಯದ ಬ್ಯೂಟ್ ಊರಿನವರು. ಅದು ತಾಮ್ರದ ಗಣಿಯ ಊರು. ಅವರ ಮುತ್ತಜ್ಜ 1888ರ ಸುಮಾರಿಗೆ ಐರ್ಲೆಂಡಿನಿಂದ ಬಂದು ಅಲ್ಲಿ ಗಣಿಗೆ ಇಳಿದವರು. ಮನೆತನದ ಹೆಸರು ಸಲಿವನ್. ಅವರ ಮೊದಲ ಹೆಸರನ್ನು ಇಲ್ಲಿ ಹಾಕುವುದು ಮನೆಯವರಿಗೆ ಇಷ್ಟವಿಲ್ಲ, ಹಾಗಾಗಿ ಬಿಡುತ್ತೇನೆ.

ಮಗಳಿಗೆ ಹತ್ತು ವರ್ಷ. ಗೋಡೆಗೆ ದೊಡ್ಡ ಕಾಗದ ಅಂಟಿಸಿ ವಂಶವೃಕ್ಷ ಬರೆಯುತ್ತಿದ್ದಾಳೆ. ನನ್ನ ಕಡೆ ನಮ್ಮ ದೊಡ್ಡಪ್ಪ ಏಳು ತಲೆಮಾರಿನ ಹೆಸರನ್ನು ಫೋನಿನಲ್ಲೇ ಹೇಳಿ ಬರೆಸಿದರು. ಅವಳ ಅಪ್ಪನ ಕಡೆಯ ಕೊಂಬೆ ಮಾತ್ರ ಈ ಮುತ್ತಜ್ಜನಿಗೇ ನಿಂತುಬಿಟ್ಟಿದೆ. ಯಾವ ಊರಿನವರು ಅಂತ ಕೇಳಿದರೆ ಮನೆಯಲ್ಲಿ ಎಲ್ಲರೂ "ಕಾರ್ಕ್" ಅನ್ನುತ್ತಾರೆ, ಅಷ್ಟೇ.

ಹೋದ ವರ್ಷ ಒಬ್ಬರಿಗೆ ದುಡ್ಡು ಕೊಟ್ಟು ಹುಡುಕಿಸಿದೆವು. ಅವರು ಕಾರ್ಕ್ ನಗರದಲ್ಲಿ ಹುಟ್ಟಿದ ಒಬ್ಬ ಸಲಿವನ್‌ನ ದೀಕ್ಷಾಸ್ನಾನದ ದಾಖಲೆ ಕಳಿಸಿ "ಇವರೇ" ಅಂದರು. ಹೆಸರು, ವರ್ಷ ಬಿಟ್ಟರೆ ಬೇರೇನೂ ತಾಳೆ ಆಗುತ್ತಿಲ್ಲ. ನನಗೆ ನಂಬಿಕೆ ಬರಲಿಲ್ಲ. ಎಲ್ಲಿಂದ ಶುರು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಲಿಫಿ ದಂಡೆ:

ನಾನು ಡಬ್ಲಿನ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಮೂಲ ಶಿರಸಿ. ಇಲ್ಲಿನ ಗೆಳೆಯರಿಗಾಗಿ ಈ ಕೆಲಸ ಮಾಡುತ್ತಾ ಮಾಡುತ್ತಾ ಹುಚ್ಚು ಹಿಡಿಯಿತು.

ನಿಮ್ಮ ಅನುಮಾನ ಸರಿ. ಆ ದಾಖಲೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. "ಕಾರ್ಕ್" ಅನ್ನುವುದು ಊರಿನ ಹೆಸರೇ ಆಗಿರಬೇಕಿಲ್ಲ. ಕಾರ್ಕ್ ಐರ್ಲೆಂಡಿನ ಅತಿ ದೊಡ್ಡ ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಹಡಗು ಹತ್ತುವ ಬಂದರೂ ಅಲ್ಲೇ ಇತ್ತು. ಈಗ ಕೋವ್ ಅನ್ನುವ ಆ ಊರಿಗೆ ಆಗ ಕ್ವೀನ್ಸ್‌ಟೌನ್ ಅಂತ ಹೆಸರು. ಬೇರೆ ಕೌಂಟಿಯಿಂದ ಬಂದು ಅಲ್ಲಿ ಹಡಗು ಹತ್ತಿದವರನ್ನೂ ಮೊಮ್ಮಕ್ಕಳು "ಕಾರ್ಕ್‌ನವರು" ಅಂತ ನೆನಪಿಟ್ಟುಕೊಂಡಿರುವುದುಂಟು.

ನಿಮಗೆ ಬೇಕಾದದ್ದು ಟೌನ್‌ಲ್ಯಾಂಡ್ ಹೆಸರು. ನಮ್ಮ ಕಡೆ ಗ್ರಾಮದೊಳಗೆ ಮಜರೆ ಇರುತ್ತದಲ್ಲ, ಹಾಗೆ. ಕೆಲವು ಟೌನ್‌ಲ್ಯಾಂಡ್‌ಗಳಲ್ಲಿ ನಾಲ್ಕೇ ಮನೆ. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಜಾಸ್ತಿ. ಆ ಹೆಸರು ಸಿಗದೆ ಐರ್ಲೆಂಡಿನ ಪುಸ್ತಕಗಳಿಗೆ ಕೈ ಹಾಕಿದರೆ, ಸಿಕ್ಕ ಸಲಿವನ್‌ಗಳೆಲ್ಲಾ ನಿಮ್ಮವರ ಹಾಗೇ ಕಾಣುತ್ತಾರೆ.

ಆ ಹೆಸರು ಸಿಗುವುದು ಅಮೆರಿಕದಲ್ಲಿ. ಹಳೆಯ ಹಡಗಿನ ಪಟ್ಟಿಗಳಲ್ಲಿ ಬರೀ "ಐರ್ಲೆಂಡ್" ಅಂತಿರುತ್ತದೆ. 1906ಕ್ಕೆ ಮೊದಲಿನ ಪೌರತ್ವದ ಕಾಗದದಲ್ಲಿ ವಿಕ್ಟೋರಿಯಾ ರಾಣಿಗೆ ನಿಷ್ಠೆ ಬಿಟ್ಟೆ ಅನ್ನುವುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಅದರ ಬದಲು ಮದುವೆಯ ಲೈಸೆನ್ಸ್, ಚರ್ಚಿನ ಮದುವೆ ಪುಸ್ತಕ, ಸಾವಿನ ಸುದ್ದಿ, ಗೋರಿಕಲ್ಲು ನೋಡಿ. ಅವರದ್ದು ಮಾತ್ರ ಅಲ್ಲ, ಅಣ್ಣತಮ್ಮ ಅಕ್ಕತಂಗಿಯರದ್ದೂ ನೋಡಿ. ತಾಯಿಯ ತವರಿನ ಮನೆತನದ ಹೆಸರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಮಳೆಗಾಲ:

ಐರ್ಲೆಂಡಿನ ದಾಖಲೆಗಳೆಲ್ಲಾ ಸುಟ್ಟು ಹೋಗಿವೆ ಅಂತ ಕೇಳಿದ್ದೆ. ಹುಡುಕುವುದರಲ್ಲಿ ಅರ್ಥ ಇದೆಯಾ?

ಲಿಫಿ ದಂಡೆ:

ಸುಟ್ಟದ್ದು ನಿಜ, ಎಲ್ಲಾ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಒಂದು ಮಾತು ಕೇಳಿಯೇ ಎಷ್ಟೋ ಜನ ಕೈಬಿಡುತ್ತಾರೆ.

ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿ ಸರ್ಕಾರಿ ದಾಖಲೆಗಳ ಕಚೇರಿ ಇತ್ತು. ಅಂತರ್ಯುದ್ಧದ ಶುರುವಿನಲ್ಲೇ, 1922ರ ಜೂನ್ 30ರಂದು, ಅದು ಸ್ಫೋಟಗೊಂಡು ಉರಿಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು, ಚೂರುಪಾರು ಬಿಟ್ಟು, ಬೂದಿಯಾದವು. ಅಲ್ಲಿಗೆ ಒಪ್ಪಿಸಿದ್ದ ಚರ್ಚ್ ಆಫ್ ಐರ್ಲೆಂಡಿನ, ಅಂದರೆ ಪ್ರಾಟೆಸ್ಟೆಂಟರ ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದವು. 1861, 1871ರ ಗಣತಿಗಳನ್ನು ಅಂಕಿಅಂಶ ತೆಗೆದ ಮೇಲೆ ಸರ್ಕಾರವೇ ನಾಶ ಮಾಡಿತ್ತು. 1881, 1891ರದ್ದನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹಾಕಿದ್ದರು. ಹಾಗಾಗಿ ಪೂರ್ತಿ ಉಳಿದಿರುವ ಅತಿ ಹಳೆಯ ಗಣತಿ ಅಂದರೆ 1901ರದ್ದು. ಆಮೇಲೆ 1911ರದ್ದು. ಎರಡೂ ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿ ಉಚಿತ.

ಆದರೆ ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ. ಪ್ಯಾರಿಷ್ ಅಂದರೆ ಒಬ್ಬ ಪಾದ್ರಿಯ ವ್ಯಾಪ್ತಿಗೆ ಬರುವ ಊರುಗಳು. ಪಾದ್ರಿಗಳ ಮನೆಯ ಕಪಾಟಿನಲ್ಲಿದ್ದವು. ಇವುಗಳ ಮೈಕ್ರೊಫಿಲ್ಮ್ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. 2015ರ ಜುಲೈನಲ್ಲಿ ಅದನ್ನೆಲ್ಲಾ ಉಚಿತವಾಗಿ ಇಂಟರ್ನೆಟ್‌ಗೆ ಹಾಕಿದರು. ಸಾವಿರಕ್ಕೂ ಹೆಚ್ಚು ಪ್ಯಾರಿಷ್, ಸುಮಾರು 1880ರವರೆಗಿನ ದಾಖಲೆ. ಹುಟ್ಟು ಸಾವಿನ ಸರ್ಕಾರಿ ನೋಂದಣಿಯೂ ಬೇರೆ ಕಡೆ ಇತ್ತು, ಅದೂ ಉಳಿಯಿತು.

ಹಳೇ ಕಡತ:

ನಾನು ಹಾಸನ ಕಡೆಯ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ಹಳೆಯ ರಿಜಿಸ್ಟರ್ ಎಲ್ಲಿಯದ್ದೇ ಆಗಲಿ, ಕಂಡರೆ ನನಗೆ ಪ್ರೀತಿ. ಮಗ ಲಿಮರಿಕ್‌ನಲ್ಲಿ ಇರುವುದರಿಂದ ಐರ್ಲೆಂಡಿನ ಸರ್ಕಾರಿ ನೋಂದಣಿಯ ಪುಟಗಳನ್ನು ದಿನಗಟ್ಟಲೆ ನೋಡಿದ್ದೇನೆ. ಐರಿಷ್‌ಜೀನಿಯಾಲಜಿ ಡಾಟ್ ಐಇ ಅಂತ ಸರ್ಕಾರದ್ದೇ ತಾಣ, ದುಡ್ಡಿಲ್ಲ. ನೂರು ವರ್ಷ ದಾಟಿದ ಹುಟ್ಟು, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಸಾವು ಅಲ್ಲಿ ಸಿಗುತ್ತವೆ.

ಎಲ್ಲರ ಹುಟ್ಟು, ಮದುವೆ, ಸಾವು ಬರೆಯುವುದು ಶುರುವಾದದ್ದು 1864ರ ಜನವರಿ 1ರಿಂದ. ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರಿಂದಲೇ ಇದೆ. ಮದುವೆಯ ಸಾಲಿನಲ್ಲಿ ಎರಡೂ ಕಡೆಯ ತಂದೆಯ ಹೆಸರು, ಕಸುಬು ಇರುತ್ತದೆ. ವಯಸ್ಸಿನ ಜಾಗದಲ್ಲಿ "ಪೂರ್ಣ ವಯಸ್ಸು" ಅಂತಿದ್ದರೆ 21 ದಾಟಿದೆ ಅಂತ ಅರ್ಥ. ಸಾವಿನ ಸಾಲಿನಲ್ಲಿ ತಂದೆತಾಯಿ ಹೆಸರು ಇರುವುದಿಲ್ಲ. ಇದು ನನಗೆ ಬಹಳ ಬೇಜಾರು ತಂದ ಸಂಗತಿ. ಸಾವಿನ ಸುದ್ದಿ ಹೇಳಿದವರು ಯಾರು ಅನ್ನುವ ಕಲಂ ಮಾತ್ರ ತಪ್ಪದೆ ಓದಿ. ಮಗಳೋ ಸೊಸೆಯೋ ಅಲ್ಲಿ ಸಿಗುತ್ತಾರೆ.

ಧಾರವಾಡ ಪೇಡೆ:

ಎರಡು ವಾರ ಆಯಿತು. ಕ್ಷಮಿಸಿ, ಬ್ಯೂಟ್‌ಗೆ ಹೋಗಿ ಬಂದೆವು. ಅಲ್ಲಿಂದ ಎರಡು ಕಾಗದ ಸಿಕ್ಕವು.

ಮೊದಲನೆಯದು ಮದುವೆಯ ಲೈಸೆನ್ಸ್. ಮುತ್ತಜ್ಜನ ತಾಯಿಯ ತವರಿನ ಹೆಸರು ಹ್ಯಾರಿಂಗ್ಟನ್ ಅಂತಿದೆ! ಎರಡನೆಯದು 1912ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು. "ಕಾರ್ಕ್ ಕೌಂಟಿಯ ಕಾಸಲ್‌ಟೌನ್‌ಬೇರ್‌ನವರು" ಅಂತ ಬರೆದಿದೆ. ತಾಯಿ ಇನ್ನೂ ಊರಲ್ಲಿದ್ದಾಳೆ, ಅಲ್ಲಿ ಒಬ್ಬ ತಮ್ಮ, ಬ್ಯೂಟ್‌ನಲ್ಲಿ ಒಬ್ಬ ತಮ್ಮ ಮತ್ತು ಇಬ್ಬರು ತಂಗಿಯರು ಅಂತಲೂ ಇದೆ. ಸಾಯುವಾಗ ಅವರಿಗೆ 46. ಗಣಿಯ ಧೂಳು ಎದೆಗೆ ಕೂತಿತ್ತು. ನನ್ನ ಗಂಡನ ತಾತನಿಗೆ ಆಗ ಏಳು ವರ್ಷವಂತೆ. ಮನೆಯಲ್ಲಿ ಊರಿನ ಹೆಸರು ಯಾಕೆ ಉಳಿಯಲಿಲ್ಲ ಅನ್ನುವುದು ಅದನ್ನು ಓದಿದ ಮೇಲೆ ಅರ್ಥವಾಯಿತು. ಹೇಳುವವರೇ ಹೋಗಿಬಿಟ್ಟಿದ್ದರು.

ಲಿಫಿ ದಂಡೆ:

ಸಲಿವನ್, ಹ್ಯಾರಿಂಗ್ಟನ್, ಬ್ಯೂಟ್. ಈ ಮೂರು ಒಟ್ಟಿಗೆ ಬಂದರೆ ಇಲ್ಲಿ ಯಾರನ್ನು ಕೇಳಿದರೂ ಬೇರಾ ಅನ್ನುತ್ತಾರೆ. ಕಾರ್ಕ್‌ನ ಪಶ್ಚಿಮ ತುದಿಯಲ್ಲಿ ಸಮುದ್ರಕ್ಕೆ ಚಾಚಿದ ಕಲ್ಲುಗುಡ್ಡಗಳ ಪರ್ಯಾಯದ್ವೀಪ ಅದು. ಕಾಸಲ್‌ಟೌನ್‌ಬೇರ್ ಅಲ್ಲಿನ ಪೇಟೆ. ಪಶ್ಚಿಮಕ್ಕೆ ಹೋದರೆ ಅಲ್ಲಿಹೀಸ್. 1810ರ ದಶಕದಿಂದ ಅಲ್ಲಿ ಪಕ್ಸ್‌ಲಿ ಮನೆತನದವರ ತಾಮ್ರದ ಗಣಿ ನಡೆಯಿತು. 1880ರ ದಶಕದ ಹೊತ್ತಿಗೆ ಕೆಲಸ ಮುಗಿಯಿತು. ಅದೇ ಹೊತ್ತಿಗೆ ಬ್ಯೂಟ್‌ನಲ್ಲಿ ತಾಮ್ರ ಏರುತ್ತಿತ್ತು. ಅಲ್ಲಿನ ಅನಕೊಂಡಾ ಕಂಪನಿ ಕಟ್ಟಿದ ಮಾರ್ಕಸ್ ಡೇಲಿ ಕೂಡ ಐರ್ಲೆಂಡಿನ ಕ್ಯಾವನ್ ಕೌಂಟಿಯಲ್ಲಿ ಹುಟ್ಟಿದವನು. ಒಬ್ಬ ಹೋದ, ತಮ್ಮನಿಗೆ ಟಿಕೆಟ್ ಕಳಿಸಿದ, ತಮ್ಮ ತಂಗಿಗೆ ಕಳಿಸಿದ. ಹೀಗೆ ಬೇರಾದ ಊರುಗಳೇ ಬ್ಯೂಟ್‌ಗೆ ಎದ್ದು ಹೋದವು.

ಒಂದು ಎಚ್ಚರಿಕೆ. ಪತ್ರಿಕೆಯಲ್ಲಿ ಪೇಟೆಯ ಹೆಸರು ಹಾಕಿದ್ದಾರೆ. ನಾವೂ ದೂರದ ಊರಲ್ಲಿ ಯಾರಾದರೂ ಕೇಳಿದರೆ ಹಳ್ಳಿ ಬಿಟ್ಟು ತಾಲೂಕು ಕೇಂದ್ರದ ಹೆಸರು ಹೇಳುತ್ತೇವೆ, ಅಲ್ವಾ? ಆದ್ದರಿಂದ ಕಾಸಲ್‌ಟೌನ್‌ಬೇರ್, ಅಲ್ಲಿಹೀಸ್, ಐರೀಸ್ ಮೂರೂ ಪ್ಯಾರಿಷ್ ನೋಡಬೇಕು. ಇಲ್ಲಿ ಎರಡು ಗಂಟುಗಳಿವೆ. ಬೇರಾದ ಈ ಭಾಗ ಕಾರ್ಕ್ ಕೌಂಟಿಯಲ್ಲಿದ್ದರೂ ಚರ್ಚಿನ ಲೆಕ್ಕದಲ್ಲಿ ಕೆರಿ ಡಯಾಸಿಸ್‌ಗೆ, ಅಂದರೆ ಕೆರಿ ಬಿಷಪ್ಪರ ಪ್ರಾಂತಕ್ಕೆ, ಸೇರುತ್ತದೆ. ಕಾರ್ಕ್ ಡಯಾಸಿಸ್‌ನಲ್ಲಿ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಮತ್ತೆ, ಅಲ್ಲಿಹೀಸ್ ಅನ್ನುವುದು ಕ್ಯಾಥೊಲಿಕ್ ಪ್ಯಾರಿಷ್. ಸರ್ಕಾರಿ ಭೂಮಿ ದಾಖಲೆಯಲ್ಲಿ ಅದೇ ಜಾಗ ಕಿಲ್ನಮನಾ ಅನ್ನುವ ಸಿವಿಲ್ ಪ್ಯಾರಿಷ್‌ನಲ್ಲಿ ಬರುತ್ತದೆ. ಹುಟ್ಟಿನ ನೋಂದಣಿಯಲ್ಲಿ ಜಿಲ್ಲೆಯ ಹೆಸರು ಕಾಸಲ್‌ಟೌನ್. ಒಂದೇ ಮನೆಗೆ ಮೂರು ವಿಳಾಸ.

ಹೆಸರಿನ ವಿಷಯಕ್ಕೆ ಬಂದರೆ, ಅವರು ಮನೆಯಲ್ಲಿ ಮಾತಾಡಿದ್ದು ಐರಿಷ್ ಭಾಷೆ. ಪುಸ್ತಕ ಬರೆದದ್ದು ಇಂಗ್ಲಿಷ್‌ನಲ್ಲೋ ಲ್ಯಾಟಿನ್‌ನಲ್ಲೋ. ಡಿಯರ್ಮಿಡ್ ಅನ್ನುವವನು ಚರ್ಚಿನಲ್ಲಿ ಡಾರ್ಬಿ, ಅಮೆರಿಕದಲ್ಲಿ ಜೆರೆಮಿಯಾ. ಟೈಗ್ ಅನ್ನುವವನು ಥ್ಯಾಡಿ, ಮುಂದೆ ಟಿಮೊಥಿ. ಓವೆನ್ ಅನ್ನುವವನು ಯೂಜೀನ್. ಹೊನೊರಾ, ಹನೋರಾ, ನೋರಾ ಒಬ್ಬಳೇ. ಲ್ಯಾಟಿನ್ ಪುಟದಲ್ಲಿ ಜೇಮ್ಸ್‌ಗೆ ಯಾಕೋಬುಸ್, ವಿಲಿಯಂಗೆ ಗುಲಿಯೆಲ್ಮುಸ್. ಸಲಿವನ್ ಮುಂದೆ "ಓ" ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಎರಡನ್ನೂ ಹುಡುಕಿ.

ಕೆಜಿಎಫ್ ಮಗ:

ಅಲ್ಲಿಹೀಸ್ ಹೆಸರು ಓದಿ ಮೈ ಜುಮ್ಮೆಂದಿತು. ನಾನು ಚಾಂಪಿಯನ್ ರೀಫ್‌ನಲ್ಲಿ ಬೆಳೆದವನು. ಅಲ್ಲಿಹೀಸ್ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕುಶಲ ಗಣಿಗಾರರನ್ನು ಕರೆಸಿದ್ದರು. ಅವರು ಕಟ್ಟಿಕೊಂಡ ಮೆಥೊಡಿಸ್ಟ್ ಚರ್ಚಿನಲ್ಲಿ ಈಗ ಗಣಿಯ ವಸ್ತುಸಂಗ್ರಹಾಲಯ ಇದೆ. ಅದೇ ಕಾರ್ನ್‌ವಾಲ್‌ನ ಜನ 1880ರ ನಂತರ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಅದಕ್ಕೂ ಮೊದಲು, 1873ರಲ್ಲಿ, ಇಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ ಮೈಕೆಲ್ ಫಿಟ್ಜೆರಾಲ್ಡ್ ಲವೆಲ್ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ. ಲವೆಲ್ ರಸ್ತೆ ಅವನ ಹೆಸರಿನದ್ದೇ.

ನನ್ನ ಅಜ್ಜಿಯ ಕಡೆಯ ಹಿರಿಯರೊಬ್ಬರು ಐರ್ಲೆಂಡಿನಿಂದ ಮದ್ರಾಸ್ ಸೈನ್ಯಕ್ಕೆ ಬಂದು ಬೆಂಗಳೂರಲ್ಲಿ ಮದುವೆಯಾದವರಂತೆ. ಅವರ ದಾಖಲೆ ಎಲ್ಲಿ ಸಿಗಬಹುದು?

ಲಿಫಿ ದಂಡೆ:

ಬೆಂಗಳೂರಿನ ಮದುವೆಯನ್ನು ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಿ. ಇಂಡಿಯಾದ ಚರ್ಚುಗಳಿಂದ ಪ್ರತಿಗಳು ಅಲ್ಲಿಗೆ ಹೋಗುತ್ತಿದ್ದವು. ಬೆಂಗಳೂರು ಮದ್ರಾಸ್ ಲೆಕ್ಕಕ್ಕೆ ಬರುತ್ತದೆ, ಎನ್/2 ಅನ್ನುವ ಸರಣಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿದವರಾದರೆ ಸೈನ್ಯದ ಕಾಗದವೂ ಅಲ್ಲೇ. ರಾಣಿಯ ಸೈನ್ಯವಾದರೆ ಲಂಡನ್‌ನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಡಬ್ಲ್ಯುಒ 97 ಅನ್ನುವ ಸರಣಿ ನೋಡಿ. ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. ಈ ಒಂದು ವಿಷಯದಲ್ಲಿ ಸೈನಿಕರ ಮೊಮ್ಮಕ್ಕಳು ಅದೃಷ್ಟವಂತರು.

ಧಾರವಾಡ ಪೇಡೆ:

ಮೂರು ಪ್ಯಾರಿಷ್‌ಗಳನ್ನೂ ಪುಟ ಪುಟ ತಿರುಗಿಸಿ ನೋಡಿದೆ. ರಾತ್ರಿ ಮಗಳು ಮಲಗಿದ ಮೇಲೆ ಕೂರುತ್ತಿದ್ದೆ. ಗ್ರಂಥಾಲಯದ ತಾಣದಲ್ಲಿ ಹೆಸರು ಹಾಕಿ ಹುಡುಕಲು ಆಗುವುದಿಲ್ಲ, ಚಿತ್ರ ನೋಡಿ ಓದಬೇಕು. ಮೊದಲ ವಾರ ಕೈಬರಹ ಅರ್ಥವೇ ಆಗಲಿಲ್ಲ, ಆಮೇಲೆ ಪಾದ್ರಿಯ ಕೈ ಪರಿಚಯವಾಯಿತು.

ಈಗ ಕಷ್ಟ ಏನೆಂದರೆ ಮೂರು ಮಕ್ಕಳು ಸಿಕ್ಕಿದ್ದಾರೆ. ಮೂವರ ತಂದೆಯೂ ಸಲಿವನ್, ತಾಯಿಯೂ ಹ್ಯಾರಿಂಗ್ಟನ್. ಮೂವರಿಗೂ ನಮ್ಮ ಮುತ್ತಜ್ಜನದ್ದೇ ಹೆಸರು. 1864, 1866, 1867. ಇಬ್ಬರು ಅಲ್ಲಿಹೀಸ್, ಒಬ್ಬ ಕಾಸಲ್‌ಟೌನ್‌ಬೇರ್.

ಇನ್ನೊಂದು ವಿಚಿತ್ರ. 1866ರ ಮಗುವಿಗೆ ಮಾರ್ಚ್ 4ರಂದು ದೀಕ್ಷಾಸ್ನಾನ ಆಗಿದೆ. ಸರ್ಕಾರಿ ಪುಸ್ತಕದಲ್ಲಿ ಹುಟ್ಟಿದ್ದು ಮಾರ್ಚ್ 27. ಹುಟ್ಟುವ ಮೊದಲೇ ಚರ್ಚಿಗೆ ಹೋದದ್ದು ಹೇಗೆ? ಇದು ಬೇರೆ ಮಗುವಾ?

ಹಳೇ ಕಡತ:

ಬೇರೆ ಮಗು ಅಲ್ಲ ತಾಯಿ, ಅದೇ ಮಗು. ಕ್ಯಾಥೊಲಿಕ್ ಮನೆಗಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಮಗುವನ್ನು ಚರ್ಚಿಗೆ ಒಯ್ಯುತ್ತಿದ್ದರು. ಆತ್ಮದ ಚಿಂತೆ ಅವರಿಗೆ ದೊಡ್ಡದು. ಸರ್ಕಾರಿ ಕಚೇರಿಗೆ ಬಿಡುವಾದಾಗ ಹೋಗುತ್ತಿದ್ದರು. ಗಡುವು ಮೀರಿದರೆ ದಂಡ. ಅದಕ್ಕೇ ಹುಟ್ಟಿದ ದಿನವನ್ನು ಮುಂದೂಡಿ ಹೇಳುತ್ತಿದ್ದರು. ನನ್ನ ಕಾಲದಲ್ಲಿ ಶಾಲೆಗೆ ಸೇರಿಸಲು ಜೂನ್ 1 ಅಂತ ಬರೆಸುತ್ತಿದ್ದ ಅಪ್ಪಂದಿರನ್ನು ನಾನು ಎಷ್ಟು ಕಂಡಿಲ್ಲ. ಎರಡು ದಿನಾಂಕ ಜಗಳವಾಡಿದರೆ ಪಾದ್ರಿಯ ಪುಸ್ತಕವನ್ನೇ ನಂಬಿ.

ಲಿಫಿ ದಂಡೆ:

ಹಳೇ ಕಡತ ಅವರು ಹೇಳಿದ್ದು ಸರಿ. ಈಗ ಮೂವರಲ್ಲಿ ಯಾರು ಅನ್ನುವುದು.

ಇಲ್ಲಿ ಅವಸರ ಬೇಡ. ಒಂದು ಕತೆ ಹೇಳುತ್ತೇನೆ. 1892ರ ಜನವರಿ 1ರಂದು ನ್ಯೂಯಾರ್ಕ್‌ನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುವ ಎಲ್ಲಿಸ್ ಐಲ್ಯಾಂಡ್ ಕೇಂದ್ರ ತೆರೆದಾಗ ಮೊದಲು ಒಳಗೆ ಬಂದವಳು ಕಾರ್ಕ್‌ನ ಹುಡುಗಿ ಆನಿ ಮೂರ್. ಇಬ್ಬರು ತಮ್ಮಂದಿರ ಜೊತೆ ಕ್ವೀನ್ಸ್‌ಟೌನ್‌ನಿಂದ ಬಂದಿದ್ದಳು. ಅವಳು ಟೆಕ್ಸಸ್‌ಗೆ ಹೋಗಿ ಅಲ್ಲಿ ಸತ್ತಳು ಅಂತ ದಶಕಗಳ ಕಾಲ ಎಲ್ಲರೂ ನಂಬಿದ್ದರು. 2006ರಲ್ಲಿ ಮೆಗನ್ ಸ್ಮೊಲೆನ್ಯಾಕ್ ಎಂಬ ಸಂಶೋಧಕಿ ದಾಖಲೆ ಮುಂದಿಟ್ಟರು. ಟೆಕ್ಸಸ್‌ನವಳು ಇಲಿನಾಯ್‌ನಲ್ಲಿ ಹುಟ್ಟಿದ ಬೇರೆ ಆನಿ ಮೂರ್. ನಿಜವಾದವಳು ನ್ಯೂಯಾರ್ಕ್ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಅಷ್ಟು ಹೆಸರಾದವಳ ವಿಷಯದಲ್ಲೇ ಹೀಗಾದರೆ ನಮ್ಮ ಸಲಿವನ್‌ಗಳ ಪಾಡು ಊಹಿಸಿ.

ಆದ್ದರಿಂದ ಮುತ್ತಜ್ಜನನ್ನು ಬಿಟ್ಟು ಮೂರು ಮನೆಗಳನ್ನು ಕಟ್ಟಿ. ಪ್ರತಿ ಜೋಡಿಯ ಎಲ್ಲಾ ಮಕ್ಕಳನ್ನೂ ಬರೆದುಕೊಳ್ಳಿ. ಹೆಸರಿಡುವ ರೂಢಿ ನಿಮಗೆ ಹೊಸದಲ್ಲ. ಮೊದಲ ಗಂಡಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಹೆಣ್ಣಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಎಲ್ಲರೂ ಪಾಲಿಸಲಿಲ್ಲ, ಆದರೆ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಂತ ಧರ್ಮ ತಂದೆ, ಧರ್ಮ ತಾಯಿ ಯಾರು ಅಂತ ನೋಡಿ. ಅವರು ಅಕ್ಕಪಕ್ಕದವರು, ಸೋದರಮಾವ, ಚಿಕ್ಕಮ್ಮ ಆಗಿರುತ್ತಾರೆ. ಅದೇ ಹೆಸರುಗಳು ಬ್ಯೂಟ್‌ನಲ್ಲಿ ಮತ್ತೆ ಕಂಡರೆ ನಿಮ್ಮ ದಾರಿ ಸರಿ. ಮದುವೆ ಪುಟದ ಅಂಚಿನಲ್ಲಿ ರಕ್ತಸಂಬಂಧದ "ಮೂರನೇ ಹಂತ" ಅಂತ ಏನಾದರೂ ಬರೆದಿದ್ದರೆ ಬಿಡಬೇಡಿ. ನಮ್ಮಲ್ಲಿ ಸೋದರಿಕೆಯಲ್ಲಿ ಮದುವೆ ಸಾಮಾನ್ಯ. ಅಲ್ಲಿ ದೂರದ ನೆಂಟರಾದರೂ ಚರ್ಚಿನ ಅನುಮತಿ ಬೇಕಿತ್ತು. ಆ ಒಂದು ಸಾಲಿನಿಂದ ಮೇಲಿನ ಎರಡು ತಲೆಮಾರು ಬಿಚ್ಚಿಕೊಳ್ಳುತ್ತವೆ.

ಮಳೆಗಾಲ:

ಮಧ್ಯೆ ಒಂದು ಪ್ರಶ್ನೆ. ಮುತ್ತಜ್ಜ ಸಿಕ್ಕರೆ ಪೇಡೆಯವರ ಗಂಡನಿಗೆ ಐರಿಷ್ ಪಾಸ್‌ಪೋರ್ಟ್ ಸಿಗುತ್ತದಾ?

ಲಿಫಿ ದಂಡೆ:

ಬರೀ ಮುತ್ತಜ್ಜನಿಂದ ಇಲ್ಲ. ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ದಾರಿ ಇದೆ. ಮುತ್ತಜ್ಜನಾದರೆ, ನೀವು ಹುಟ್ಟುವ ಮೊದಲೇ ನಿಮ್ಮ ತಂದೆಯೋ ತಾಯಿಯೋ ಐರಿಷ್ ಪೌರತ್ವಕ್ಕೆ ತಮ್ಮ ಹೆಸರು ನೋಂದಾಯಿಸಿಕೊಂಡಿರಬೇಕು.

ಧಾರವಾಡ ಪೇಡೆ:

ಸಿಕ್ಕರು. 1866ರವರೇ.

ಹೇಗೆ ಅಂತ ಹೇಳುತ್ತೇನೆ. 1864ರ ಮಗು ಐದು ವರ್ಷಕ್ಕೆ ತೀರಿಕೊಂಡಿದೆ, ಸರ್ಕಾರಿ ಸಾವಿನ ಪುಸ್ತಕದಲ್ಲಿದೆ. ಆ ಸಾಲು ಓದಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. 1867ರವನು 1901ರ ಗಣತಿಯಲ್ಲಿ ಊರಲ್ಲೇ ಇದ್ದಾನೆ, ಹೆಂಡತಿ ಮಕ್ಕಳ ಜೊತೆ. ಉಳಿದದ್ದು ಅಲ್ಲಿಹೀಸ್‌ನ 1866ರ ಹುಡುಗ. ಉಳಿದವನು ಒಬ್ಬನೇ ಅಂತ ಒಪ್ಪಿಕೊಳ್ಳಲಿಲ್ಲ. ಅವನ ತಮ್ಮ ತಂಗಿಯರ ಹೆಸರುಗಳು ಬ್ಯೂಟ್ ಪತ್ರಿಕೆಯ ಹೆಸರುಗಳಿಗೆ ಒಂದೊಂದಾಗಿ ಕೂತವು. ಅವನ ಧರ್ಮ ತಂದೆಯ ಹೆಸರಿನವನೇ ಒಬ್ಬ 1900ರ ಅಮೆರಿಕ ಗಣತಿಯಲ್ಲಿ ಮುತ್ತಜ್ಜನ ಮನೆಯಲ್ಲೇ ವಾಸ ಇದ್ದಾನೆ. ಬಹುಶಃ ಧರ್ಮ ತಂದೆಯ ಮಗ.

ಹುಟ್ಟಿನ ಸಾಲಿನಲ್ಲಿ ಟೌನ್‌ಲ್ಯಾಂಡ್ ಕೀಲೋಗ್. ಅಲ್ಲೂ ಒಂದು ಗಣಿ ಇತ್ತಂತೆ. ತಂದೆಯ ಕಸುಬು ಗಣಿ ಕೂಲಿ.

ಮುತ್ತಜ್ಜನ ತಾಯಿಯನ್ನು 1901 ಮತ್ತು 1911ರ ಗಣತಿಯಲ್ಲಿ ಕಂಡೆ. ವಿಧವೆ, ಕಿರಿಯ ಮಗನ ಜೊತೆ. ಓದು ಬರಹ ಬಾರದು. ಭಾಷೆಯ ಕಲಂನಲ್ಲಿ "ಐರಿಷ್ ಮತ್ತು ಇಂಗ್ಲಿಷ್". 1901ರಲ್ಲಿ ವಯಸ್ಸು 54, 1911ರಲ್ಲಿ 72! ಹತ್ತು ವರ್ಷದಲ್ಲಿ ಹದಿನೆಂಟು ವರ್ಷ ಹೇಗೆ ಏರಿತು? 1911ರ ಹಾಳೆಯಲ್ಲಿ ಇನ್ನೊಂದು ಕಲಂ ಇದೆ. ಜೀವಂತ ಹುಟ್ಟಿದ ಮಕ್ಕಳು 9, ಈಗ ಬದುಕಿರುವವರು 6. ಆ ಎರಡು ಅಂಕಿಗಳನ್ನು ಮಗಳು ತನ್ನ ಕಾಗದದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಳು.

ಲಿಫಿ ದಂಡೆ:

ಓದಿ ಕಣ್ಣು ತುಂಬಿ ಬಂತು. ನಿಮ್ಮ ಮಗಳಿಗೆ ನನ್ನ ಅಭಿನಂದನೆ ಹೇಳಿ.

ವಯಸ್ಸು ಏರಿದ್ದಕ್ಕೆ ಕಾರಣ ಪಿಂಚಣಿ. 1909ರ ಜನವರಿಯಿಂದ 70 ದಾಟಿದವರಿಗೆ ಸರ್ಕಾರ ಪಿಂಚಣಿ ಕೊಡಲು ಶುರು ಮಾಡಿತು. ಅವರು ಹುಟ್ಟಿದ ಕಾಲದಲ್ಲಿ ನೋಂದಣಿ ಇರಲಿಲ್ಲ, ತಮ್ಮ ವಯಸ್ಸು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬಡತನ ಬೇರೆ. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ನಿಮಗೆ ಲಾಭ ಏನೆಂದರೆ, ವಯಸ್ಸು ಸಾಬೀತು ಮಾಡಲು ಆಗ 1841, 1851ರ ಗಣತಿಗಳನ್ನು ತೆಗೆದು ನೋಡುತ್ತಿದ್ದರು. ಗಣತಿ ಸುಟ್ಟಿತು, ಆ ಹುಡುಕಾಟದ ಅರ್ಜಿಗಳು ಉಳಿದವು. ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿವೆ. ಆಕೆ ಅರ್ಜಿ ಹಾಕಿದ್ದರೆ ಆಕೆಯ ತಂದೆ ತಾಯಿ, ಬಾಲ್ಯದ ಊರು ಎಲ್ಲಾ ಅದರಲ್ಲಿರುತ್ತದೆ.

ಕೀಲೋಗ್ ಸಿಕ್ಕಿತಲ್ಲ, ಈಗ ಗ್ರಿಫಿತ್ಸ್ ವ್ಯಾಲ್ಯುಯೇಷನ್ ನೋಡಿ. 1847ರಿಂದ 1864ರ ನಡುವೆ ಯಾವ ಮನೆ, ಯಾವ ಹೊಲ ಯಾರ ವಶದಲ್ಲಿತ್ತು ಅಂತ ನಕ್ಷೆ ಸಮೇತ ಬರೆದ ತೆರಿಗೆ ಲೆಕ್ಕ ಅದು. ಆಮೇಲಿನ ಬದಲಾವಣೆಗಳು ಪರಿಷ್ಕರಣೆ ಪುಸ್ತಕಗಳಲ್ಲಿವೆ. ಹಿಡುವಳಿದಾರ ಬದಲಾದರೆ ಹಳೆಯ ಹೆಸರು ಹೊಡೆದು, ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆಯುತ್ತಿದ್ದರು. ಅಪ್ಪ ಯಾವಾಗ ತೀರಿಕೊಂಡ, ಹೊಲ ಯಾರಿಗೆ ಹೋಯಿತು ಅನ್ನುವುದು ಅಲ್ಲಿ ಸಿಗುತ್ತದೆ. ನಾನು ಮುಂದಿನ ತಿಂಗಳು ಆ ಪುಸ್ತಕಗಳಿರುವ ಕಚೇರಿಗೆ ಹೋಗುವವನಿದ್ದೇನೆ. ನಿಮ್ಮ ಪುಟ ತೆಗೆಸಿ ಫೋಟೊ ಕಳಿಸುತ್ತೇನೆ.

ಹಳೇ ಕಡತ:

ಒಂದು ಲೆಕ್ಕ ನನಗೆ ಹೊಂದುತ್ತಿಲ್ಲ. ಬದುಕಿರುವವರು 6 ಅಂದರಲ್ಲ. ಮುತ್ತಜ್ಜ, ಬ್ಯೂಟ್‌ನ ತಮ್ಮ, ಇಬ್ಬರು ತಂಗಿಯರು, ಊರಿನ ತಮ್ಮ. ಐದೇ ಆಯಿತು. ಆರನೆಯವರು ಯಾರು?

ಧಾರವಾಡ ಪೇಡೆ:

ಮಗಳೂ ನಿನ್ನೆ ಇದನ್ನೇ ಕೇಳಿದಳು. ಒಂಬತ್ತರಲ್ಲಿ ಮೂವರ ಸಾವು ಸಿಕ್ಕಿದೆ. ಲೆಕ್ಕಕ್ಕೆ ಸಿಗದವಳು ಎಲ್ಲರಿಗಿಂತ ದೊಡ್ಡವಳು, 1864ರ ಜೂನ್‌ನಲ್ಲಿ ದೀಕ್ಷಾಸ್ನಾನ ಆದವಳು. ಹೆಸರು ಹನೋರಾ ಅಂತಿದೆ, ಅಮ್ಮನ ಅಮ್ಮನದೇ ಇರಬೇಕು. 1912ರ ಪತ್ರಿಕೆಯಲ್ಲಿ ಅವಳ ಮಾತೇ ಇಲ್ಲ. ಬ್ಯೂಟ್‌ನಲ್ಲೂ ಇಲ್ಲ, 1901ರಲ್ಲಿ ಆ ಮನೆಯಲ್ಲೂ ಇಲ್ಲ. ಆದರೆ 1911ರಲ್ಲಿ ಅವಳು ಬದುಕಿದ್ದಳು ಅಂತ ತಾಯಿಗೆ ಗೊತ್ತಿತ್ತು. ಅಂದರೆ ಕಾಗದ ಬರುತ್ತಿತ್ತು ಅಂತಲ್ವಾ?

ಕಾಸಲ್‌ಟೌನ್ ಜಿಲ್ಲೆಯ ಮದುವೆಗಳನ್ನು 1882ರಿಂದ ನೋಡಲು ಶುರು ಮಾಡಿದ್ದೇನೆ. ನೋರಾ, ಹೊನೊರಾ, ಹನೋರಾ ಮೂರೂ ಹಾಕಿ. ಇವತ್ತು ರಾತ್ರಿ 1885ಕ್ಕೆ ಬಂದಿದ್ದೇನೆ.